14ನೇ ವಯಸ್ಸಿಗೇ ಗೋಲ್‌ಕೀಪರ್‌ನ ಎತ್ತರ ಅಳೆದು ಮನೆಗೆ ಕಳಿಸಬೇಡಿ

ಮಾನ್ಯ ಸಂಪಾದಕರೇ,

ನಮ್ಮ ಕೊಡಗಿನಲ್ಲಿ ಮಕ್ಕಳ ಫುಟ್‌ಬಾಲ್ ತಂಡಕ್ಕೆ ಆಯ್ಕೆ ನಡೆಯುವಾಗ ಗೋಲ್‌ಕೀಪರ್‌ಗಳ ಸರದಿ ಬಂದರೆ ಮೊದಲು ಹೊರಗೆ ಬರುವುದು ಚೆಂಡಲ್ಲ, ಅಳತೆ ಟೇಪು. ಹುಡುಗನನ್ನು ಗೋಡೆಗೆ ಒರಗಿಸಿ ನಿಲ್ಲಿಸುತ್ತಾರೆ, ತಲೆ ಮೇಲೆ ಸ್ಕೇಲ್ ಇಡುತ್ತಾರೆ, ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ಆಮೇಲೆ "ನೀನು ಮುಂದಿನ ಸಲ ಬಾಪ್ಪ" ಅನ್ನುತ್ತಾರೆ. ನನ್ನ ಅಕ್ಕನ ಮಗನಿಗೂ ಇದೇ ಆಯಿತು. ಎಲ್ಲಿ, ಯಾರು ಅಂತ ಬರೆಯುವುದಿಲ್ಲ. ಇದು ಒಂದು ಊರಿನ, ಒಬ್ಬರ ಕತೆ ಅಲ್ಲವೇ ಅಲ್ಲ. ಹುಡುಗನ ಕಡೆಗೆ ಒಂದು ಚೆಂಡು ಕೂಡ ಒದೆಯಲಿಲ್ಲ ಅನ್ನುವುದಷ್ಟೇ ನನ್ನ ಸಿಟ್ಟು. ಕೀಪರ್ ಹೇಗೆ ಹಿಡಿಯುತ್ತಾನೆ ಅಂತ ನೋಡದೆ ಕೀಪರ್‌ನನ್ನು ಬೇಡ ಅನ್ನುವುದು ಹೇಗೆ ಅಂತ ನನಗೆ ಇನ್ನೂ ಅರ್ಥವಾಗಿಲ್ಲ.

ಬೇಜಾರು ಮಾಡಿಕೊಂಡು ಕೂತಿದ್ದ ಅವನಿಗೆ ಇಟಲಿಯ ಒಬ್ಬರ ಕತೆ ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಆಯ್ಕೆ ಮಾಡುವವರೂ ಓದಲಿ ಅಂತ. ಪತ್ರ ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ. ಕೊನೆಯಲ್ಲಿ ನಿಮ್ಮ ಕ್ರೀಡಾ ಪುಟದ ಮೇಲೂ ಒಂದು ದೂರು ಇದೆ, ಅದನ್ನು ಮಾತ್ರ ಕತ್ತರಿಸಬೇಡಿ.

ಇಟಲಿಯ ಗೋಲ್‌ಕೀಪರ್ ಅಂದರೆ ಈಗಿನ ಹುಡುಗರಿಗೆ ಬುಫೊನ್, ಇಲ್ಲವೇ ಡೊನ್ನರುಮ್ಮ. ಅವರಿಗಿಂತ ಮೊದಲಿನವರು ಡಿನೊ ಝೋಫ್. 1942ರ ಫೆಬ್ರುವರಿ 28ರಂದು ಇಟಲಿಯ ಈಶಾನ್ಯ ಮೂಲೆಯ ಮರಿಯಾನೊ ಡೆಲ್ ಫ್ರಿಯುಲಿ ಅನ್ನುವ ಹಳ್ಳಿಯಲ್ಲಿ ಹುಟ್ಟಿದ್ದು. ಬೇಸಾಯದ ಮನೆ. 14 ವರ್ಷಕ್ಕೆ ಇಂಟರ್ ಮಿಲಾನ್ ಮತ್ತು ಯುವೆಂಟಸ್, ಅಂದರೆ ಆ ದೇಶದ ಎರಡು ದೊಡ್ಡ ಕ್ಲಬ್‌ಗಳು, ಈ ಹುಡುಗನನ್ನು ಪರೀಕ್ಷೆ ಮಾಡಿ ವಾಪಸ್ ಕಳಿಸಿದವು. ಕಾರಣ ಏನು ಗೊತ್ತಾ? ಎತ್ತರ ಸಾಲದು. ಹುಡುಗ ಊರಿಗೆ ಬಂದ, ಮೆಕ್ಯಾನಿಕ್ ಕೆಲಸ ಕಲಿತ, ಊರಿನ ತಂಡದಲ್ಲಿ ಗೋಲಿಗೆ ನಿಂತ. ಅಜ್ಜಿ ಅಡಲೈಡೆ ದಿನಕ್ಕೆ 8 ಮೊಟ್ಟೆ ತಿನ್ನು ಅಂದರಂತೆ. ತಿಂದ. ಐದು ವರ್ಷದಲ್ಲಿ 33 ಸೆಂಟಿಮೀಟರ್ ಬೆಳೆದ ಅಂತ ಹೇಳುತ್ತಾರೆ. ಆಮೇಲೆ ಪಕ್ಕದ ಪಟ್ಟಣದ ಉಡಿನೇಸೆ ಕ್ಲಬ್ ಕರೆಯಿತು.

ಮೊಟ್ಟೆಯ ಕತೆ ಕೇಳಿ ನಮ್ಮ ಅಕ್ಕ ಮಗನಿಗೆ ಬೆಳಗ್ಗೆ ಮೊಟ್ಟೆ ಜಾಸ್ತಿ ಮಾಡಿದ್ದಾಳೆ. ಒಳ್ಳೆಯದೇ, ತಿನ್ನಲಿ. ಆದರೆ ಬೆಳೆಸಿದ್ದು ಮೊಟ್ಟೆಯೊಂದೇ ಅಲ್ಲ, ವಯಸ್ಸು. ಗಂಡು ಹುಡುಗರಲ್ಲಿ ಕೆಲವರು 12ಕ್ಕೇ ಸರ್ರನೆ ಎದ್ದು ನಿಲ್ಲುತ್ತಾರೆ, ಕೆಲವರಿಗೆ 15, 16 ಆಗಬೇಕು. ಒಂದೇ ತರಗತಿಯ ಗುಂಪು ಫೋಟೋ ತೆಗೆದು ನೋಡಿ, ಮೀಸೆ ಬಂದವನ ಪಕ್ಕದಲ್ಲಿ ಎದೆಮಟ್ಟದ ಹುಡುಗ ನಿಂತಿರುತ್ತಾನೆ. ಇಬ್ಬರ ಹುಟ್ಟಿದ ವರ್ಷ ಒಂದೇ. ನಾಲ್ಕು ವರ್ಷ ಬಿಟ್ಟು ಅದೇ ಇಬ್ಬರನ್ನು ನಿಲ್ಲಿಸಿದರೆ ಲೆಕ್ಕ ತಲೆಕೆಳಗಾಗಿರಬಹುದು. ಟೇಪು ಹೇಳುವುದು ಇವತ್ತಿನ ಎತ್ತರ ಮಾತ್ರ. ಆಯ್ಕೆಗಾರರಿಗೆ ಬೇಕಾಗಿರುವುದು 20ನೇ ವಯಸ್ಸಿನ ಕೀಪರ್, ಅಳೆಯುತ್ತಿರುವುದು 13ನೇ ವಯಸ್ಸಿನ ಹುಡುಗನನ್ನು. ಅದು ಹೇಗೆ ಹೊಂದುತ್ತದೆ ಹೇಳಿ.

ಸರಿ, ಬೆಳೆದ ಮೇಲಾದರೂ ಝೋಫ್‌ಗೆ ಎಲ್ಲ ಸಲೀಸಾಯಿತಾ? ಇಲ್ಲ. 1961ರ ಸೆಪ್ಟೆಂಬರ್‌ನಲ್ಲಿ ಉಡಿನೇಸೆ ಪರ ಮೊದಲ ದೊಡ್ಡ ಲೀಗ್ ಪಂದ್ಯ, ಎದುರಿಗೆ ಫಿಯೊರೆಂಟಿನಾ. 5 ಗೋಲು ಬಿಟ್ಟುಕೊಟ್ಟರು. ಆ ಋತುವಿನಲ್ಲಿ ಅವರಿಗೆ ಸಿಕ್ಕಿದ್ದೇ ಬೆರಳೆಣಿಕೆಯ ಪಂದ್ಯಗಳು, ತಂಡವೂ ಎರಡನೇ ದರ್ಜೆಗೆ ಇಳಿಯಿತು. ನಮ್ಮಲ್ಲಿ ಆಗಿದ್ದರೆ ಮೊದಲ ಪಂದ್ಯದಲ್ಲಿ 5 ಗೋಲು ತಿಂದ ಕೀಪರ್‌ನ ಕೈಗೆ ಮತ್ತೆ ಗ್ಲೌಸ್ ಸಿಗುತ್ತಿತ್ತಾ? ಮುಂದಿನ ಪಂದ್ಯಕ್ಕೆ ಬ್ಯಾಕ್ ಆಡುವವನನ್ನೇ ಹಿಂದಕ್ಕೆ ನಿಲ್ಲಿಸಿಬಿಡುತ್ತಿದ್ದರು. ಉಡಿನೇಸೆಯವರು ಎರಡನೇ ದರ್ಜೆಯಲ್ಲಿ ಅವರನ್ನೇ ಆಡಿಸಿದರು. ಅಲ್ಲಿಂದ 1963ರಲ್ಲಿ ಮಾಂಟೊವಾ ಅನ್ನುವ ಸಣ್ಣ ಊರಿನ ಕ್ಲಬ್‌ಗೆ ಹೋಗಿ ನಾಲ್ಕು ವರ್ಷ ಇದ್ದರು.

ಮಾಂಟೊವಾದ ಕಾಲದ ಒಂದು ಪಂದ್ಯ ನನಗೆ ಬಹಳ ಇಷ್ಟ. 1967ರ ಜೂನ್ 1. ಲೀಗ್‌ನ ಕೊನೆಯ ದಿನ. ಮಾಂಟೊವಾಗೆ ಆ ಪಂದ್ಯದಿಂದ ಆಗಬೇಕಾದ್ದು ಏನೂ ಇಲ್ಲ, ಬಂದವರು ಇಂಟರ್ ಮಿಲಾನ್, ಗೆದ್ದರೆ ಪ್ರಶಸ್ತಿ ಅವರದೇ. ಇಂಟರ್ ಗೋಲಿನಲ್ಲಿ ಜೂಲಿಯಾನೊ ಸಾರ್ಟಿ, ಹೆಸರಾಂತ ಕೀಪರ್. ದ್ವಿತೀಯಾರ್ಧದಲ್ಲಿ ಸುಲಭದ ಒಂದು ಚೆಂಡು ಸಾರ್ಟಿಯ ಕೈಯಿಂದ ಜಾರಿ ಒಳಗೆ ಹೋಯಿತು. ಇನ್ನೊಂದು ತುದಿಯಲ್ಲಿದ್ದ ಝೋಫ್ ಒಂದೂ ಬಿಡಲಿಲ್ಲ. 1-0. ಪ್ರಶಸ್ತಿ ಯುವೆಂಟಸ್‌ಗೆ ಹೋಯಿತು. ಎಂಥ ತಮಾಷೆ ನೋಡಿ, ಕುಳ್ಳ ಅಂತ ವಾಪಸ್ ಕಳಿಸಿದ ಎರಡು ಕ್ಲಬ್‌ಗಳಲ್ಲಿ ಒಂದರ ಕೈಯಿಂದ ಪ್ರಶಸ್ತಿ ತಪ್ಪಿಸಿ ಇನ್ನೊಂದಕ್ಕೆ ಕೊಟ್ಟ ಹಾಗಾಯಿತು.

ಆದರೆ ನಾನು ಇಲ್ಲಿ ಸಾರ್ಟಿಯ ಬಗ್ಗೆಯೂ ಎರಡು ಮಾತು ಹೇಳಬೇಕು. ಆತ ಇಂಟರ್ ಜೊತೆ ಎರಡು ಸಲ ಯುರೋಪಿಯನ್ ಕಪ್, ಅಂದರೆ ಯುರೋಪಿನ ಕ್ಲಬ್‌ಗಳ ದೊಡ್ಡ ಕಪ್ ಗೆದ್ದವರು. ಅದಕ್ಕೂ ಮೊದಲು ಫಿಯೊರೆಂಟಿನಾ ಜೊತೆ ಇಟಲಿಯ ಲೀಗ್ ಗೆದ್ದವರು. ಅದನ್ನೆಲ್ಲ ಯಾರು ನೆನಪಿಟ್ಟಿದ್ದಾರೆ? ಮಾಂಟೊವಾದಲ್ಲಿ ಬಿಟ್ಟ ಆ ಒಂದು ಚೆಂಡು ಮಾತ್ರ ಜನರ ಬಾಯಲ್ಲಿ ಉಳಿಯಿತು. ಫಾರ್ವರ್ಡ್ ಆಡುವವನು ನಾಲ್ಕು ಅವಕಾಶ ಹಾಳು ಮಾಡಿ ಐದನೆಯದನ್ನು ಹೊಡೆದರೆ ಹೆಗಲ ಮೇಲೆ ಹೊತ್ತು ಮೆರವಣಿಗೆ. ಕೀಪರ್ ನಾಲ್ಕು ತಡೆದು ಐದನೆಯದನ್ನು ಬಿಟ್ಟರೆ ಅವನಿಂದಲೇ ಸೋತೆವು ಅನ್ನುತ್ತಾರೆ. ಸುಂಟಿಕೊಪ್ಪದ ಬೇಸಿಗೆ ಟೂರ್ನಮೆಂಟ್‌ಗಳಲ್ಲಿ ಟೈಬ್ರೇಕರ್ ಮುಗಿದ ಮೇಲೆ ಗ್ಯಾಲರಿಯಲ್ಲಿ ಕೂತವರ ಮಾತು ಕೇಳಿದರೆ ಇದು ಇಟಲಿಯ ರೋಗ ಮಾತ್ರ ಅಲ್ಲ ಅಂತ ಗೊತ್ತಾಗುತ್ತದೆ.

1967ರಲ್ಲಿ ಝೋಫ್ ನಾಪೋಲಿಗೆ ಹೋದರು. ಮರುವರ್ಷ ಏಪ್ರಿಲ್‌ನಲ್ಲಿ ಬಲ್ಗೇರಿಯಾ ಎದುರು ದೇಶದ ಪರ ಮೊದಲ ಪಂದ್ಯ, ಅದೂ ನೇಪಲ್ಸ್‌ನಲ್ಲೇ. ಅದೇ ಬೇಸಿಗೆಯಲ್ಲಿ ಇಟಲಿ ಯುರೋಪ್ ಚಾಂಪಿಯನ್ ಆಯಿತು. ಸೆಮಿಫೈನಲ್‌ನಲ್ಲಿ ಸೋವಿಯತ್ ಒಕ್ಕೂಟದ ಜೊತೆ ಹೆಚ್ಚುವರಿ ಸಮಯ ಆಡಿದರೂ 0-0, ಆಗ ಟೈಬ್ರೇಕರ್ ಇನ್ನೂ ಬಂದಿರಲಿಲ್ಲ, ನಾಣ್ಯ ಚಿಮ್ಮಿ ಇಟಲಿ ಗೆದ್ದಿತು! ಫೈನಲ್ ಯುಗೊಸ್ಲಾವಿಯಾ ಜೊತೆ 1-1, ಎರಡು ದಿನ ಬಿಟ್ಟು ಮತ್ತೆ ಆಡಿಸಿ 2-0. ಇಷ್ಟಾದ ಮೇಲೆ ಇವರ ಜಾಗ ಗಟ್ಟಿ ಅಂದುಕೊಳ್ಳುತ್ತೀರಿ. 1970ರ ವಿಶ್ವಕಪ್‌ನಲ್ಲಿ ಗೋಲಿಗೆ ನಿಂತವರು ಅಲ್ಬರ್ಟೋಸಿ, ಝೋಫ್ ಬೆಂಚಿನಲ್ಲಿ. ಆಗ ವಯಸ್ಸು 28. ಬೇರೆ ಆಟಗಾರರಿಗೆ ಅದು ಏರಿ ನಿಂತ ವಯಸ್ಸು. 1972ರಲ್ಲಿ ಯುವೆಂಟಸ್ ಇವರನ್ನು ಕೊಂಡುಕೊಂಡಾಗ 30. ಅದೇ ಯುವೆಂಟಸ್, 16 ವರ್ಷದ ಹಿಂದೆ ಬೇಡ ಅಂದಿದ್ದ ಯುವೆಂಟಸ್.

ಅಲ್ಲಿಂದ ಶುರುವಾಗಿದ್ದು ನಿಜವಾದ ಝೋಫ್. ಯುವೆಂಟಸ್‌ನಲ್ಲಿ 11 ವರ್ಷ, 6 ಲೀಗ್ ಪ್ರಶಸ್ತಿ, 1977ರಲ್ಲಿ ಯುರೋಪಿನ ಕ್ಲಬ್‌ಗಳ ಇನ್ನೊಂದು ಕಪ್ ಆದ ಯುಇಎಫ್‌ಎ ಕಪ್. ಲೀಗ್‌ನಲ್ಲಿ ಒಂದೂ ತಪ್ಪಿಸದೆ ಸಾಲಾಗಿ 330ಕ್ಕೂ ಹೆಚ್ಚು ಪಂದ್ಯ. ಒಂದು ಜ್ವರ ಇಲ್ಲ, ಒಂದು ಬೆರಳು ಉಳುಕಿಲ್ಲ ಅಂತಲ್ಲ, ಏನಿದ್ದರೂ ನಿಂತರು ಅಂತ ನನ್ನ ಲೆಕ್ಕ. ಇನ್ನು ದೇಶದ ಪರ 1972ರಿಂದ 1974ರವರೆಗೆ 1142 ನಿಮಿಷ ಒಂದೇ ಒಂದು ಗೋಲು ಬಿಡಲಿಲ್ಲ. 90 ನಿಮಿಷದ ಪಂದ್ಯದ ಲೆಕ್ಕದಲ್ಲಿ ಹನ್ನೆರಡೂವರೆ ಪಂದ್ಯಕ್ಕಿಂತ ಜಾಸ್ತಿ. 1973ರಲ್ಲಿ ಯುರೋಪಿನ ವರ್ಷದ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಮತದಾನದಲ್ಲಿ ನೆದರ್ಲೆಂಡ್ಸ್‌ನ ಕ್ರೈಫ್ ಮೊದಲು, ಝೋಫ್ ಎರಡನೆಯವರು.

ಆ 1142 ನಿಮಿಷ ಹೇಗೆ ಸಾಧ್ಯವಾಯಿತು ಅನ್ನುವುದೇ ನಮ್ಮ ಹುಡುಗರಿಗೆ ಮುಖ್ಯ. ಝೋಫ್ ಹಾರುವ ಕೀಪರ್ ಅಲ್ಲ. ಅವರ ಹಳೆಯ ಆಟದ ತುಣುಕುಗಳು ಈಗ ಫೋನಿನಲ್ಲಿ ಸಿಗುತ್ತವೆ, ನೋಡಿದರೆ ಮೊದಲಿಗೆ ನಿರಾಸೆಯೇ ಆಗುತ್ತದೆ. ಚೆಂಡು ಸೀದಾ ಅವರ ಕಡೆಗೇ ಬಂದ ಹಾಗೆ ಕಾಣುತ್ತದೆ, ಅವರು ಸುಮ್ನೆ ಹಿಡಿಯುತ್ತಾರೆ. ಎದುರಾಳಿಗಳು ಎಲ್ಲ ಚೆಂಡನ್ನೂ ಕೀಪರ್ ಎದೆಗೇ ಒದೆಯುವಷ್ಟು ದಡ್ಡರಾ? ಅಲ್ಲ. ಇವರು ಒದೆತ ಬೀಳುವ ಮೊದಲೇ ಅಲ್ಲಿಗೆ ಹೋಗಿ ನಿಂತಿರುತ್ತಿದ್ದರು. ಗೋಲು ಅಂದರೆ 24 ಅಡಿ ಅಗಲ, 8 ಅಡಿ ಎತ್ತರ. ಗೆರೆಯ ಮೇಲೇ ನಿಂತರೆ ಎಷ್ಟು ಎತ್ತರದವನಿಗೂ ಎರಡು ಕಡೆ ಜಾಗ ಉಳಿಯುತ್ತದೆ. ಚೆಂಡಿಗೂ ಗೋಲಿನ ನಡುವಿಗೂ ಒಂದು ಗೆರೆ ಎಳೆದುಕೊಂಡು ಆ ಗೆರೆಯ ಮೇಲೆ ಎರಡು ಹೆಜ್ಜೆ ಮುಂದೆ ಬಂದರೆ ಒದೆಯುವವನಿಗೆ ಗೋಲು ಚಿಕ್ಕದಾಗಿ ಕಾಣುತ್ತದೆ. ಜಾಸ್ತಿ ಮುಂದೆ ಬಂದರೆ ತಲೆ ಮೇಲಿಂದ ಎತ್ತಿ ಹಾಕುತ್ತಾನೆ. ಯಾವಾಗ ಎರಡು ಹೆಜ್ಜೆ, ಯಾವಾಗ ಆರು ಹೆಜ್ಜೆ, ಯಾವಾಗ ಕದಲಬಾರದು, ಇದನ್ನು ಕಲಿಯಲು ವರ್ಷಗಳು ಬೇಕು. ಕಾಫಿ ಗಿಡದ ಹಾಗೆ, ನೆಟ್ಟ ಮರುವರ್ಷವೇ ಫಸಲು ಕೇಳಿದರೆ ಆಗುತ್ತದಾ?

ನಮ್ಮ ಹುಡುಗರು ಹಾರುವುದನ್ನು ಕಲಿಯುತ್ತಾರೆ, ನಿಲ್ಲುವುದನ್ನು ಕಲಿಯುವುದಿಲ್ಲ. ಅವರ ತಪ್ಪಲ್ಲ. ಹಾರಿ ಬಿದ್ದರೆ ಚಪ್ಪಾಳೆ, ವಿಡಿಯೋ. ಹೆಜ್ಜೆ ಇಟ್ಟು ಹಿಡಿದರೆ ಯಾರೂ ತಿರುಗಿ ನೋಡುವುದಿಲ್ಲ.

ಇನ್ನೊಂದು ವಿಷಯ. ಹಲವು ದೇಶಗಳಲ್ಲಿ ಸಣ್ಣ ಮಕ್ಕಳಿಗೆ ಸಣ್ಣ ಗೋಲು ಹಾಕುತ್ತಾರೆ. ನಮ್ಮಲ್ಲಿ 12 ವರ್ಷದ ಹುಡುಗನನ್ನೂ ಅದೇ 24 ಅಡಿ ಗೋಲಿನಲ್ಲಿ ನಿಲ್ಲಿಸುತ್ತೇವೆ. ಹಾಕಿ ಗೋಲು 12 ಅಡಿ ಅಗಲ, ಇದು ಅದರ ಎರಡರಷ್ಟು. ಎಳೆ ಹುಡುಗನ ತಲೆ ಮೇಲಿಂದ ಚೆಂಡು ಹೋದರೆ "ಕುಳ್ಳ, ಆಗಲ್ಲ" ಅನ್ನುತ್ತೇವೆ. ದೊಡ್ಡವರ ಅಳತೆಯ ಗೋಲು ನೆಟ್ಟು ಮಗುವಿನ ಅಳತೆ ಸಾಲದು ಅನ್ನುವುದು ಯಾವ ನ್ಯಾಯ ಸ್ವಾಮಿ?

ಮತ್ತೆ ಝೋಫ್ ಕಡೆಗೆ. 1142 ನಿಮಿಷದ ಓಟ ನಿಂತಿದ್ದು ಬ್ರೆಜಿಲ್‌ನಿಂದಲೂ ಅಲ್ಲ, ಜರ್ಮನಿಯಿಂದಲೂ ಅಲ್ಲ. 1974ರ ವಿಶ್ವಕಪ್, ಜೂನ್ 15, ಮ್ಯೂನಿಕ್, ಎದುರಿಗೆ ಹೈಟಿ. ಇಮ್ಯಾನ್ಯುಯೆಲ್ ಸನೋನ್ ಅನ್ನುವ ಹುಡುಗ ದ್ವಿತೀಯಾರ್ಧ ಶುರುವಾಗುತ್ತಿದ್ದ ಹಾಗೆ ಚೆಂಡು ಹಿಡಿದು ಓಡಿ ಬಂದು, ಝೋಫ್‌ರನ್ನು ದಾಟಿಸಿ ಗೋಲು ಹೊಡೆದ. ಇಟಲಿ ಆ ಪಂದ್ಯವನ್ನು 3-1ರಲ್ಲಿ ಗೆದ್ದಿತು, ಆದರೆ ಗುಂಪಿನ ಹಂತದಲ್ಲೇ ಮನೆಗೆ ಬಂತು. ಹೈಟಿಯ ಜನ ಆ ಗೋಲನ್ನು ಇಂದಿಗೂ ಮರೆತಿಲ್ಲ. ಒಬ್ಬ ಕೀಪರ್‌ಗೆ ಗೋಲು ಹೊಡೆದದ್ದೇ ಒಂದು ದೇಶಕ್ಕೆ ಹಬ್ಬವಾಯಿತು ಅಂದರೆ ಆ ಕೀಪರ್ ಎಂಥವರಿರಬೇಕು.

1978ರ ವಿಶ್ವಕಪ್‌ನಲ್ಲಿ ಪೆಟ್ಟು ಬಿತ್ತು. ನೆದರ್ಲೆಂಡ್ಸ್ ಎದುರು ದೂರದಿಂದ ಗೋಲು, ಮೂರನೇ ಸ್ಥಾನದ ಪಂದ್ಯದಲ್ಲಿ ಬ್ರೆಜಿಲ್‌ನ ನೆಲಿನ್ಯೊ ಮತ್ತು ಡಿರ್ಸೆಯು ಇಬ್ಬರೂ ದೂರದಿಂದಲೇ ಹೊಡೆದರು. ಎರಡೂ ಪಂದ್ಯ 2-1ರಲ್ಲಿ ಸೋಲು, ಇಟಲಿಗೆ ನಾಲ್ಕನೇ ಸ್ಥಾನ. ಇಟಲಿಯ ಪತ್ರಿಕೆಗಳು ಮುಗಿಬಿದ್ದವು. ಮುದುಕನಾದ, ದೂರದ ಚೆಂಡು ಕಾಣುವುದಿಲ್ಲ, ಸಾಕು ಅಂತ. ಆಗ 36 ವಯಸ್ಸು. 14ರಲ್ಲಿ ತುಂಬ ಚಿಕ್ಕವನು ಅಂದರು, 36ರಲ್ಲಿ ತುಂಬ ದೊಡ್ಡವನು ಅಂದರು. ಅಳೆಯುವವರಿಗೆ ಕೀಪರ್ ಯಾವಾಗ ಸರಿ ಇದ್ದ ಅಂತ ನನಗೆ ಕೇಳಬೇಕು ಅನ್ನಿಸುತ್ತದೆ.

ಕೋಚ್ ಎಂಝೊ ಬೇರ್ಜೊಟ್ ಮಾತ್ರ ಪತ್ರಿಕೆ ಓದಿ ತಂಡ ಕಟ್ಟುವವರಲ್ಲ. 1982ರಲ್ಲಿ ಸ್ಪೇನ್‌ಗೆ ಹೋದ ತಂಡಕ್ಕೆ 40 ವರ್ಷದ ಝೋಫ್ ನಾಯಕ. ಮೊದಲ ಸುತ್ತಿನಲ್ಲಿ ಪೋಲೆಂಡ್ ಜೊತೆ 0-0, ಪೆರು ಜೊತೆ 1-1, ಕ್ಯಾಮರೂನ್ ಜೊತೆ 1-1. ಒಂದೂ ಗೆಲ್ಲದೆ ಹೇಗೋ ತೂರಿಕೊಂಡು ಮುಂದೆ ಹೋದರು. ಪತ್ರಿಕೆಗಳು ಆಟ ಬಿಟ್ಟು ಆಟಗಾರರ ಹಣ, ಖಾಸಗಿ ಬದುಕಿನ ಬಗ್ಗೆಯೆಲ್ಲ ಬರೆಯಲು ಶುರು ಮಾಡಿದವು. ಆಟಗಾರರು ಸಿಟ್ಟಾಗಿ ಇನ್ನು ಪತ್ರಕರ್ತರ ಜೊತೆ ಮಾತಿಲ್ಲ ಅಂತ ನಿರ್ಧರಿಸಿದರು. ತಂಡದ ಪರವಾಗಿ ನಾಯಕ ಒಬ್ಬರೇ ಮಾತಾಡುವುದು ಅಂತ ಆಯಿತು. ಆ ನಾಯಕ ಯಾರು? ಇಡೀ ಇಟಲಿಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವ ಮನುಷ್ಯ. ಪತ್ರಕರ್ತರಿಗೆ ಎಂಥ ಶಿಕ್ಷೆ ನೋಡಿ! (ಇದನ್ನು ಪತ್ರಿಕೆಗೇ ಬರೆಯುತ್ತಿದ್ದೇನೆ, ನಗುತ್ತೀರಿ ಅಂತ ನಂಬಿಕೆ.)

ಆಮೇಲೆ ಆದದ್ದು ಎಲ್ಲರಿಗೂ ಗೊತ್ತು, ಆದರೂ ಬ್ರೆಜಿಲ್ ಪಂದ್ಯ ಬರೆಯದೆ ಇರಲು ಆಗುವುದಿಲ್ಲ. ಅರ್ಜೆಂಟೀನಾವನ್ನು 2-1ರಲ್ಲಿ ಸೋಲಿಸಿ ಜುಲೈ 5ರಂದು ಬಾರ್ಸಿಲೋನಾದ ಸಾರಿಯಾ ಮೈದಾನಕ್ಕೆ ಬಂದರು. ಝೀಕೊ, ಸಾಕ್ರಟೀಸ್, ಫಲ್ಕಾವೊ ಇದ್ದ ಬ್ರೆಜಿಲ್‌ಗೆ ಡ್ರಾ ಸಾಕು, ಇಟಲಿ ಗೆಲ್ಲಲೇಬೇಕು. ಪಾವೊಲೊ ರೊಸ್ಸಿ ಮೂರು ಗೋಲು ಹೊಡೆದು 3-2. ಎಲ್ಲರೂ ರೊಸ್ಸಿಯ ಪಂದ್ಯ ಅನ್ನುತ್ತಾರೆ, ಹೌದು, ಒಪ್ಪಿದೆ. ಆದರೆ ಕೊನೆಯ ನಿಮಿಷಗಳಲ್ಲಿ ಎಡಗಡೆಯಿಂದ ಬಂದ ಚೆಂಡಿಗೆ ಬ್ರೆಜಿಲ್‌ನ ಡಿಫೆಂಡರ್ ಆಸ್ಕರ್ ಎದ್ದು ತಲೆ ಕೊಟ್ಟ, ಚೆಂಡು ಮೂಲೆಗೆ ಇಳಿಯಿತು, ಝೋಫ್ ಬಿದ್ದು ಅದನ್ನು ಗೆರೆಯ ಮೇಲೇ ಒತ್ತಿ ಹಿಡಿದರು. ತಟ್ಟಿ ಹೊರಗೆ ಹಾಕಿದ್ದಲ್ಲ, ಹಿಡಿದದ್ದು. ಚೆಂಡು ಕೈಯಿಂದ ಚಿಮ್ಮಿದ್ದರೆ ಅಲ್ಲೇ ನಿಂತಿದ್ದ ಯಾರಾದರೂ ಒಳಗೆ ತಳ್ಳುತ್ತಿದ್ದರು. ಬ್ರೆಜಿಲ್‌ನವರು ಗೋಲು ಗೋಲು ಅಂತ ಕೈ ಎತ್ತಿದರು, ರೆಫ್ರಿ ಕೊಡಲಿಲ್ಲ. 36ಕ್ಕೇ ಕಣ್ಣು ಹೋಯಿತು ಅಂತ ಪತ್ರಿಕೆಗಳಿಂದ ಅನ್ನಿಸಿಕೊಂಡ ಮನುಷ್ಯ 40ರಲ್ಲಿ ಹಿಡಿದ ಚೆಂಡು ಅದು. ಅದು ಒಳಗೆ ಹೋಗಿದ್ದರೆ 3-3, ಇಟಲಿ ಮನೆಗೆ, ರೊಸ್ಸಿಯ ಮೂರು ಗೋಲನ್ನು ಇವತ್ತು ಯಾರೂ ಹೇಳುತ್ತಿರಲಿಲ್ಲ.

ಸೆಮಿಫೈನಲ್‌ನಲ್ಲಿ ಪೋಲೆಂಡ್ ಎದುರು 2-0, ಜುಲೈ 11ರಂದು ಮ್ಯಾಡ್ರಿಡ್‌ನಲ್ಲಿ ಪಶ್ಚಿಮ ಜರ್ಮನಿ ಎದುರು 3-1. ಅಷ್ಟು ವಯಸ್ಸಿನಲ್ಲಿ ವಿಶ್ವಕಪ್ ಗೆದ್ದವರು ಅಲ್ಲಿವರೆಗೆ ಯಾರೂ ಇರಲಿಲ್ಲ. ವಾಪಸ್ ಬರುವ ವಿಮಾನದಲ್ಲಿ ರಾಷ್ಟ್ರಪತಿ ಪರ್ಟಿನಿ, ಬೇರ್ಜೊಟ್, ತಂಡದ ಆಟಗಾರ ಕೌಸಿಯೊ ಜೊತೆ ಝೋಫ್ ಇಸ್ಪೀಟು ಆಡುತ್ತಾ ಕೂತ ಫೋಟೋ ಬಹಳ ಪ್ರಸಿದ್ಧ, ಮೇಜಿನ ಮೇಲೆ ಕಪ್ ಇದೆ. ಇಟಲಿಯ ಅಂಚೆ ಇಲಾಖೆ ಗೆಲುವಿನ ನೆನಪಿಗೆ ತಂದ ಅಂಚೆಚೀಟಿಯಲ್ಲಿ ಚಿತ್ರಕಾರ ಗುಟ್ಟೂಸೊ ಬರೆದದ್ದು ಮುಖ ಅಲ್ಲ, ಕಪ್ ಎತ್ತಿ ಹಿಡಿದ ಝೋಫ್‌ರ ಕೈಗಳು. ಕೀಪರ್‌ಗೆ ಅದಕ್ಕಿಂತ ಏನು ಬೇಕು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 1983ರಲ್ಲಿ ಅಥೆನ್ಸ್‌ನಲ್ಲಿ ಯುರೋಪಿಯನ್ ಕಪ್ ಫೈನಲ್, ಹ್ಯಾಂಬರ್ಗ್‌ನ ಮಗಾಟ್ ದೂರದಿಂದ ಹೊಡೆದ ಒಂದು ಗೋಲಿಗೆ ಯುವೆಂಟಸ್ ಸೋತಿತು. ಆ ಕಪ್ ಅವರಿಗೆ ಸಿಗಲೇ ಇಲ್ಲ. 41ರಲ್ಲಿ ನಿವೃತ್ತಿ, ದೇಶದ ಪರ 112 ಪಂದ್ಯ. ಆಮೇಲೆ ಕೋಚ್ ಆದರು, 1990ರಲ್ಲಿ ಯುವೆಂಟಸ್‌ಗೆ ಒಂದೇ ವರ್ಷ ಎರಡು ಕಪ್ ಗೆದ್ದುಕೊಟ್ಟರು, ಆದರೂ ಕೆಲಸ ಹೋಯಿತು. 2000ದ ಯುರೋ ಫೈನಲ್‌ಗೆ ಇಟಲಿಯನ್ನು ಒಯ್ದರು, ಇನ್ನೇನು ಗೆದ್ದೇಬಿಟ್ಟರು ಅನ್ನುವಾಗ ಫ್ರಾನ್ಸ್ ಕೊನೆಯ ಗಳಿಗೆಯಲ್ಲಿ ಸಮ ಮಾಡಿ, ಹೆಚ್ಚುವರಿ ಸಮಯದಲ್ಲಿ ಗೋಲ್ಡನ್ ಗೋಲ್ (ಮೊದಲು ಹೊಡೆದವರೇ ಗೆದ್ದ ಹಾಗೆ) ಹೊಡೆಯಿತು. ಅಲ್ಲಿನ ರಾಜಕಾರಣಿ ಬೆರ್ಲುಸ್ಕೋನಿ ಎಲ್ಲರ ಮುಂದೆ ಟೀಕೆ ಮಾಡಿದರು, ಝೋಫ್ ರಾಜೀನಾಮೆ ಕೊಟ್ಟು ಹೊರಟೇಬಿಟ್ಟರು. ನನಗೆ ಅದು ಸರಿ ಅನ್ನಿಸುತ್ತದೆ. ಜಾಸ್ತಿ ಮಾತಾಡದವರು ಸಿಟ್ಟು ಬಂದರೆ ಹಾಗೇ.

ಈಗ ಕೆಲವರು ಹೇಳಬಹುದು, ಇದು ಹಳೆಯ ಕಾಲದ ಮಾತು, ಈಗಿನ ಆಟಕ್ಕೆ ಎತ್ತರ ಬೇಕೇ ಬೇಕು, ಕಾರ್ನರ್ ಬಂದಾಗ ಕುಳ್ಳ ಕೀಪರ್ ಏನು ಮಾಡುತ್ತಾನೆ ಅಂತ. ಸರಿಯಾದ ಪ್ರಶ್ನೆ. ಡೊನ್ನರುಮ್ಮ 16ನೇ ವಯಸ್ಸಿಗೇ ಎಸಿ ಮಿಲಾನ್ ಗೋಲಿಗೆ ನಿಂತರು, ಆರು ಅಡಿ ಮೀರಿದ ಆಳು. ಅಂಥವರು ಸಿಕ್ಕಿದರೆ ಯಾರು ಬಿಡುತ್ತಾರೆ? ನಾನು ಎತ್ತರ ಬೇಡ ಅನ್ನುತ್ತಿಲ್ಲ. 13, 14ನೇ ವಯಸ್ಸಿನ ಎತ್ತರ ನೋಡಿ ತೀರ್ಪು ಕೊಡಬೇಡಿ ಅನ್ನುತ್ತಿದ್ದೇನೆ. ಬುಫೊನ್ ಹುಡುಗನಾಗಿದ್ದಾಗ ಮಿಡ್‌ಫೀಲ್ಡ್ ಆಡುತ್ತಿದ್ದವರು. 1990ರ ವಿಶ್ವಕಪ್‌ನಲ್ಲಿ ಕ್ಯಾಮರೂನ್‌ನ ಕೀಪರ್ ಥಾಮಸ್ ಎನ್‌ಕೋನೊ ಆಟ ನೋಡಿ 12ನೇ ವಯಸ್ಸಿನಲ್ಲಿ ಗೋಲಿನ ಹುಚ್ಚು ಹಿಡಿಯಿತು. ಅದೇ ಎನ್‌ಕೋನೊ 1982ರಲ್ಲಿ ಝೋಫ್ ಎದುರಿನ ಗೋಲಿನಲ್ಲಿ ನಿಂತವರು! ಬುಫೊನ್ 176 ಪಂದ್ಯ ದೇಶಕ್ಕೆ ಆಡಿದರು, 2006ರಲ್ಲಿ ವಿಶ್ವಕಪ್ ಗೆದ್ದರು, 2023ರಲ್ಲಿ ಆಟ ಬಿಡುವಾಗ 45 ವಯಸ್ಸು. ಒಬ್ಬರು ತಡವಾಗಿ ಬೆಳೆದವರು, ಒಬ್ಬರು ಬೇರೆ ಜಾಗದಿಂದ ಬಂದವರು, ಒಬ್ಬರು ಚಿಕ್ಕಂದಿನಲ್ಲೇ ದೊಡ್ಡವರಾದವರು. ಮೂವರಿಗೂ ಒಂದೇ ಟೇಪು ಹಿಡಿದಿದ್ದರೆ ಮೊದಲಿನ ಇಬ್ಬರು ಸಿಗುತ್ತಿರಲಿಲ್ಲ.

ಕೊಡಗಿಗೆ ಗೋಲು ಕಾಯುವುದು ಹೊಸದೇನಲ್ಲ. ಭಾರತ ಹಾಕಿ ತಂಡಕ್ಕೆ ಗೋಲ್‌ಕೀಪರ್ ಆಗಿ 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಹೋದ ಎ.ಬಿ. ಸುಬ್ಬಯ್ಯ ನಮ್ಮವರೇ. ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಮೊಮ್ಮಗನ ಜೊತೆ ಅಜ್ಜನೂ ಒಂದೇ ತಂಡದಲ್ಲಿ ಇಳಿಯುವುದನ್ನು ನಾವೆಲ್ಲ ನೋಡಿದ್ದೇವೆ, ವಯಸ್ಸು ಕೇಳಿ ನಾವು ಯಾರನ್ನೂ ಹೊರಗೆ ಕಳಿಸಿದವರಲ್ಲ. ಫುಟ್‌ಬಾಲ್‌ಗೂ ನಮ್ಮಲ್ಲಿ ಜನ ಕಡಿಮೆ ಇಲ್ಲ. ಸುಂಟಿಕೊಪ್ಪ, ಸಿದ್ದಾಪುರ, ಕುಶಾಲನಗರದ ಕಡೆ ತೋಟದ ಕೆಲಸಗಾರರ ಲೈನ್ ಮನೆಯ ಮಕ್ಕಳಿಂದ ಹಿಡಿದು ಕಾಲೇಜು ಹುಡುಗರವರೆಗೆ ಸಂಜೆಯಾದರೆ ಚೆಂಡು ಹಿಡಿದು ಹೊರಡುತ್ತಾರೆ. ಆದರೆ ಕೀಪರ್ ಆಗುವವನು ಯಾರು? ಓಡಲು ಆಗದವನು, ಇಲ್ಲವೇ ತಡವಾಗಿ ಬಂದವನು, ಇಲ್ಲವೇ ಎಲ್ಲರಿಗಿಂತ ಚಿಕ್ಕವನು. ಆಡುವಾಗ ಚಿಕ್ಕವನನ್ನೇ ಗೋಲಿಗೆ ತಳ್ಳುತ್ತೇವೆ, ಆಯ್ಕೆ ಬಂದಾಗ ಚಿಕ್ಕವನು ಬೇಡ ಅನ್ನುತ್ತೇವೆ. ಯಾವುದಾದರೂ ಒಂದು ಕಡೆ ನಿಲ್ಲಬೇಕಲ್ವಾ.

ಬೇಸಿಗೆ ಶಿಬಿರ, ಆಯ್ಕೆ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಕೀಪರ್ ಆಗಬೇಕು ಅಂತ ಬಂದ ಹುಡುಗನಿಗೆ ಮೊದಲು ಗೋಲಿನಲ್ಲಿ ಅರ್ಧ ಗಂಟೆ ಕೊಡಿ. ನೆಲದ ಚೆಂಡು, ಎದೆಮಟ್ಟದ ಚೆಂಡು, ಎದುರಿನಿಂದ ಒಬ್ಬನೇ ಓಡಿ ಬರುವವನು, ಎಲ್ಲ ನೋಡಿ. ಗೋಲು ಬಿಟ್ಟ ಮೇಲೆ ಮುಂದಿನ ಚೆಂಡಿಗೆ ಹೇಗೆ ಎದ್ದು ನಿಲ್ಲುತ್ತಾನೆ ಅನ್ನುವುದನ್ನಂತೂ ನೋಡಲೇಬೇಕು. ಎತ್ತರ ಅಳೆಯಿರಿ, ಬೇಡ ಅನ್ನುವುದಿಲ್ಲ, ಆದರೆ ಹುಡುಗನ ಅಪ್ಪ ಅಮ್ಮನ ಎತ್ತರವನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಮುಂದಿನ ಸಲ ಬಾ ಅಂದರೆ ಮುಂದಿನ ಸಲ ನಿಜವಾಗಿ ಕರೆಯಿರಿ, ಹೆಸರು, ಫೋನ್ ನಂಬರ್ ಇಟ್ಟುಕೊಳ್ಳಿ. ಶಿಬಿರದಲ್ಲಿ ಒಬ್ಬರಾದರೂ ಹಳೆಯ ಕೀಪರ್ ಇರಲಿ. ಕೀಪರ್‌ಗಳಿಗೂ ಉಳಿದವರ ಜೊತೆ ಮೈದಾನ ಸುತ್ತಿಸಿ, ಕೊನೆಗೆ ಸಾಲಾಗಿ ಒದೆಸಿಕೊಳ್ಳಲು ನಿಲ್ಲಿಸುವುದು ತರಬೇತಿ ಅಲ್ಲ. ನಮ್ಮ ಮಳೆಗಾಲದಲ್ಲಿ ಒದ್ದೆ ಚೆಂಡು ಹಿಡಿಯುವುದನ್ನು ಕಲಿತ ಹುಡುಗ ಬೆಂಗಳೂರಿನ ಯಾವ ಮೈದಾನದಲ್ಲೂ ನಿಲ್ಲುತ್ತಾನೆ ಅನ್ನುವುದು ನನ್ನ ನಂಬಿಕೆ, ಆದರೆ ಕಲಿಸುವವರು ಬೇಕು.

ಇನ್ನು ನಿಮ್ಮ ಮೇಲಿನ ದೂರು. ಜಿಲ್ಲೆಯ ಟೂರ್ನಮೆಂಟ್ ವರದಿಗಳಲ್ಲಿ ಗೋಲು ಹೊಡೆದವರ ಹೆಸರು, ನಿಮಿಷ ಸಮೇತ ಹಾಕುತ್ತೀರಿ. ಉದ್ಘಾಟನೆ ಮಾಡಿದವರ, ವೇದಿಕೆಯಲ್ಲಿ ಕೂತವರ, ಹಾರ ಹಾಕಿಸಿಕೊಂಡವರ ಹೆಸರು ಒಂದೂ ಬಿಡುವುದಿಲ್ಲ. ಪಂದ್ಯ 0-0 ಆಗಿ ಟೈಬ್ರೇಕರ್‌ನಲ್ಲಿ ಎರಡು ಒದೆತ ತಡೆದವನನ್ನು ಮಾತ್ರ "ಗೋಲ್‌ಕೀಪರ್ ಉತ್ತಮ ಪ್ರದರ್ಶನ ನೀಡಿದರು" ಅಂತ ಒಂದು ಸಾಲಿನಲ್ಲಿ ಮುಗಿಸುತ್ತೀರಿ. ಆ ಹುಡುಗನಿಗೂ ಹೆಸರಿದೆ, ಆ ಕಟಿಂಗ್ ಇಟ್ಟುಕೊಳ್ಳುವ ಅಮ್ಮ ಇದ್ದಾರೆ. ವರದಿಗಾರರಿಗೆ ಹುಡುಕುವ ಕಷ್ಟವೂ ಇಲ್ಲ. ಪಂದ್ಯಕ್ಕೆ ಮೊದಲು ಎರಡೂ ತಂಡದವರು ಕೊಟ್ಟ ಆಟಗಾರರ ಪಟ್ಟಿ ಸಂಘಟಕರ ಮೇಜಿನ ಮೇಲೇ ಇರುತ್ತದೆ, ಸಾಮಾನ್ಯವಾಗಿ ಮೊದಲ ಹೆಸರು ಅವನದೇ, ಪಕ್ಕದಲ್ಲಿ ಜಿ.ಕೆ. ಅಂತ ಬರೆದಿರುತ್ತಾರೆ.

ಇಂತಿ,
ಸುಂಟಿಕೊಪ್ಪದ ಒಬ್ಬ ಓದುಗ